ಜೋಳದ ಕಾಳಿನಷ್ಟು ಬಣ್ಣ

ನನ್ನ ಗಂಡ ರಘೋತ್ತಮ ಬೈಲಹೊಂಗಲದ ಕೋರ್ಟಿನಲ್ಲಿ ಶಿರಸ್ತೇದಾರ. ಕೋರ್ಟು ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ನಾನು ಗೌತಮಿ, ಸಂಗೊಳ್ಳಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರು. ದಿನಾ ಬಸ್ಸಿಗೆ ಕಾಯುವವಳು, ಬಸ್ಸಿನಲ್ಲಿ ನಿಲ್ಲುವವಳು, ಇಳಿದ ಮೇಲೆ ಸೆರಗಿನ ಪಿನ್ನು ಹುಡುಕುವವಳು. ಇಂಥ ಮನೆಗೆ ಒಂದು ಕಾರು ಬಂದರೆ ಅದು ಯಾರ ಉಪಯೋಗಕ್ಕೆ ಬರಬೇಕು? ಏಳನೆಯ ಇಯತ್ತೆಯ ಮಕ್ಕಳೂ ಬಾಯಿಲೆಕ್ಕದಲ್ಲಿ ಹೇಳುತ್ತಾರೆ. ನಮ್ಮ ಶಿರಸ್ತೇದಾರರಿಗೆ ಮಾತ್ರ ಈ ಲೆಕ್ಕ ಬಿಡಿಸಲು ಹನ್ನೊಂದು ತಿಂಗಳು ಬೇಕಾಯಿತು.

ಆ ಹನ್ನೊಂದು ತಿಂಗಳು ನಮ್ಮ ಕೆಂಪು ಕಾರು ತಗಡಿನ ಶೆಡ್ಡಿನಲ್ಲಿ ಇವರ ಹಳೆಯ ಧೋತರ ಹೊದ್ದುಕೊಂಡು ಮಲಗಿತ್ತು. ರವಿವಾರ ಬೆಳಿಗ್ಗೆ ಇವರು ಸ್ನಾನ ಸಂಧ್ಯಾವಂದನೆ ಮುಗಿಸಿ, ಧೋತರ ಸರಿಸಿ, ಭೂತಗನ್ನಡಿ ಹಿಡಿದು ಕಾರಿಗೆ ಪ್ರದಕ್ಷಿಣೆ ಹಾಕುತ್ತಿದ್ದರು. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ‘ಯಾವುದೇ ಗೀರು ಕಂಡುಬಂದಿರುವುದಿಲ್ಲ’ ಎಂದು ಬರೆದು, ಕೆಳಗೆ ಸಹಿ, ತಾರೀಖು. ನಾನೂ ನಮ್ಮ ಅತ್ತೆ ಗಂಗೂಬಾಯಿಯವರೂ ಇದಕ್ಕೆ ಪಂಚನಾಮೆ ಎಂದು ಹೆಸರಿಟ್ಟಿದ್ದೆವು.

ನಾನು ಲೈಸೆನ್ಸ್ ಮಾಡಿಸಿ ಎರಡು ವರ್ಷವಾಗಿತ್ತು. ಕೀಲಿ ಕೇಳಿದಾಗಲೆಲ್ಲ ಒಂದೇ ಉತ್ತರ: “ಹೆಂಗಸರ ಕೈಯಾಗ ಗಾಡಿ ಕೊಟ್ಟರ ಗೀರು ಬಿದ್ದಂಗನ. ನನ್ನ ಕೈಯಾಗ ನೋಡು, ಒಂದ ಕಲಿ ಅದ ಏನು?”

“ಓಡಿಸಿದರ ಕಲಿ ಆಗತದ. ಮಲಗಿಸಿದ ಗಾಡಿಗೆ ಎಲ್ಲಿಂದ ಆಗಬೇಕ್ರಿ?” ಎಂದರೆ, ಪೇಪರು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು.

ಒಂದು ದಿನ ತಲೆ ಕೆಟ್ಟು ನಾನೂ ಅಡಿಗೆಮನೆಯ ಪಂಚನಾಮೆ ಶುರು ಮಾಡಿದೆ. ಮೊದಲ ದಿನ ‘ಚಹಾಪುಡಿ ಕಂಡುಬಂದಿರುವುದಿಲ್ಲ’ ಎಂದು ಬರೆದು ಬಾಗಿಲಿಗೆ ಅಂಟಿಸಿದೆ. ಎರಡನೆಯ ದಿನ ತೊವ್ವೆಗೆ ಒಗ್ಗರಣೆ ಕಂಡುಬರಲಿಲ್ಲ. ನಾಲ್ಕನೆಯ ದಿನ ಸಾಹೇಬರು ಕರಾರಿಗೆ ಬಂದರು. ಮೂವತ್ತು ದಿನ ನಾನು ಕಾರಿನಲ್ಲಿ ಸಂಗೊಳ್ಳಿಗೆ ಹೋಗಿ ಬರಬೇಕು. ಒಂದೂ ಗೀರು ಬೀಳದಿದ್ದರೆ ಕೀಲಿ ಕಾಯಂ ನನ್ನದು. ಬಿದ್ದರೆ ಜನ್ಮದಲ್ಲಿ ಮತ್ತೆ ಕೇಳಕೂಡದು. ಅತ್ತೆಯವರ ಎದುರಿಗೇ ಮಾತಾಯಿತು.

ಇಪ್ಪತ್ತಾರು ದಿನ ನಾನು ರಾಣಿಯ ಹಾಗೆ ಓಡಾಡಿದೆ. ಇಪ್ಪತ್ತೇಳನೆಯ ದಿನ, ಗುರುವಾರ, ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನ ಗಾಲಿಯಿಂದ ಒಂದು ಕಲ್ಲು ಟಣ್ ಎಂದು ಹಾರಿ ಬಂತು. ಇಳಿದು ನೋಡಿದರೆ ಬಾನೆಟ್ಟಿನ ಮೂತಿಯ ಮೇಲೆ ಜೋಳದ ಕಾಳಿನಷ್ಟು ಬಣ್ಣ ಹಾರಿ, ಒಳಗಿನ ತಗಡು ಬೆಳ್ಳಗೆ ಹಲ್ಲು ಕಿರಿಯುತ್ತಿತ್ತು. ಆ ಟ್ರ್ಯಾಕ್ಟರಿನವನಿಗೆ ನಾನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಹೇಗಿದ್ದರೂ ಅವನ ಟೇಪಿನ ಹಾಡಿನಲ್ಲಿ ಅವನಿಗೆ ಕೇಳಿಸಲಿಲ್ಲ.

ಮೂರು ದಿನ ಉಳಿದಿತ್ತು. ಮೂರೇ ದಿನ! ಗಾಬರಿಯಲ್ಲಿ ಮನುಷ್ಯ ಮೊದಲು ಮಾಡುವುದು ಮೂರ್ಖ ಕೆಲಸವನ್ನೇ. ನಾನು ಸ್ಟಾಫ್ ರೂಮಿನಿಂದ ಸಹೋದ್ಯೋಗಿಯ ಕೆಂಪು ನೇಲ್ ಪಾಲಿಶ್ ಕಡ ತಂದು ಬಳಿದೆ. ಬಾಟಲಿಯಲ್ಲಿ ಅದು ಥೇಟ್ ಕಾರಿನ ಬಣ್ಣವೇ ಇತ್ತು. ಒಣಗಿದ ಮೇಲೆ ಗುಲಾಬಿಗೆ ತಿರುಗಿತು.

ಬೈಲಹೊಂಗಲದಲ್ಲಿ ಯಾರಿಗೂ ತೋರಿಸುವಂತಿರಲಿಲ್ಲ. ಶಿರಸ್ತೇದಾರರನ್ನು ಅರಿಯದ ಅಂಗಡಿಯೇ ಊರಲ್ಲಿಲ್ಲ. ನಾನು ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟುತ್ತಿತ್ತು. ಶುಕ್ರವಾರ ಶಾಲೆ ಬಿಟ್ಟ ಮೇಲೆ ಕಿತ್ತೂರಿನ ಹೈವೇ ಪಕ್ಕದ ಒಂದು ಹೊಸ ಕಾರ್ ಸ್ಟುಡಿಯೋಕ್ಕೆ ಹೋದೆ. ಕಪ್ಪು ಗೋಡೆ, ಬಿಳಿ ದೀಪ, ಮೆತ್ತನೆಯ ಸೋಫಾ, ಒಳಗೆ ಮದುವೆಮನೆಯ ಸುಗಂಧ. ಮಾಲೀಕ ಆಕಾಶ ಎಂಬ ಯುವಕ ಕಾಫಿ ಕೊಟ್ಟು, ಮೊಬೈಲಿನಲ್ಲಿ ಹೊಳೆಯುವ ಕಾರುಗಳ ಫೋಟೋ ತೋರಿಸತೊಡಗಿದ.

“ಪೂರಾ ಬಾನೆಟ್ಟಿಗೆ ಬಣ್ಣ ಹೊಡೀಬೇಕಾಗತೈತ್ರಿ ಮೇಡಂ. ಮ್ಯಾಲ ಸಿರಾಮಿಕ್ ಕೋಟಿಂಗ್ ಹಾಕಿಬಿಡೂಣು. ಐದು ದಿನ ಗಾಡಿ ಬಿಡ್ರಿ.”

“ನೀ ಇನ್ನೂ ಹೊರಗ ಬಂದು ಗಾಡಿನ ನೋಡಿಲ್ಲಲ್ಲಪಾ?”

“ನೋಡೂದೇನೈತ್ರಿ ಮೇಡಂ, ಎಲ್ಲಾ ಒಂದ ನಮೂನಿ ಇರತಾವು.”

“ಒಂದ ಲೆಕ್ಕ ತಪ್ಪಿದ ಹುಡುಗನ್ನ ಎಲ್ಲಾ ವಿಷಯದಾಗ ಫೇಲ್ ಮಾಡೂದು ಯಾವ ಸಾಲಿ ರೂಲು?” ಎಂದು ಕೇಳಿದೆ. ಅವನು ಪಾಪ ನಕ್ಕ. ಬಿಸಿಲಿನಲ್ಲಿ ನಿಲ್ಲಿಸಿ ತೋರಿಸಲು ಅವನು ದುರಸ್ತಿ ಮಾಡಿದ ಒಂದು ಗಾಡಿ ಇದೆಯೇ ಎಂದರೆ ಮತ್ತೆ ಮೊಬೈಲನ್ನೇ ಒಡ್ಡಿದ. ಫೋಟೋದಲ್ಲಿ ನಾನೂ ಚೆನ್ನಾಗಿಯೇ ಕಾಣುತ್ತೇನೆ. ಎದ್ದು ಬಂದೆ.

ಮನೆಯಲ್ಲಿ ಮುಖ ಗಂಟಿಕ್ಕಿಕೊಂಡು ಮೆಂತ್ಯದ ಸೊಪ್ಪು ಸೋಸುತ್ತಿದ್ದೆ. ಅತ್ತೆಯವರು ಜಪಮಾಲೆ ಕೆಳಗಿಟ್ಟು ಹತ್ತಿರ ಬಂದರು. ಎಪ್ಪತ್ತೆಂಟರ ವಯಸ್ಸು; ಕಣ್ಣು ಮಂದ, ಮೂಗು ಮಾತ್ರ ಪೊಲೀಸರದು. ಇವರು ಸಂಜೆಯ ತಿರುಗಾಟಕ್ಕೆ ಹೋಗಿದ್ದರಿಂದ ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

ಅತ್ತೆಯವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದರು. “ಸವದತ್ತಿಯೊಳಗ ಪೀರಸಾಬ ಅಂತ ಒಬ್ಬ ಪೇಂಟರ್ ಇದ್ದಾನ. ಎಲ್ಲಮ್ಮನ ಗುಡ್ಡದ ದಾರಿ ಹಿಡಿಯೂಕಿಂತ ಮೊದಲ, ಬೇವಿನ ಗಿಡದ ಬಾಜೂಕ ಅಂಗಡಿ. ಅವಗ ತೋರಸು. ನನ್ನ ಹೆಸರ ಹೇಳಬ್ಯಾಡ.”

“ನಿಮಗ್ಹೆಂಗ ಗೊತ್ತ್ರಿ ಅತ್ಯಾ?”

“ಗೊತ್ತವಾ. ಸೊಪ್ಪು ಸೋಸು” ಎಂದು ಮತ್ತೆ ಮಾಲೆ ಹಿಡಿದರು.

ಶನಿವಾರ ಅರ್ಧ ದಿನದ ಶಾಲೆ. ‘ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸ್ಪೆಷಲ್ ಕ್ಲಾಸು’ ಎಂದು ಮನೆಗೆ ಸುಳ್ಳು ಹೇಳಿ ನೇರ ಸವದತ್ತಿಗೆ ಹೊಡೆದೆ. ಪೀರಸಾಬ ಅರವತ್ತರ ಮನುಷ್ಯ. ಮೂಗಿನ ಮೇಲೊಂದು ಚಷ್ಮಾ, ಹಣೆಯ ಮೇಲೆ ಇನ್ನೊಂದು. ನಾನು ಬಾಯಿ ತೆರೆಯುವ ಮೊದಲೇ ಬಾನೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. ಉಗುರಿನಿಂದ ಕೆದರಿ ಮೂಸಿದ.

“ಅಕ್ಕೋರ, ಇದಕ್ಕ ಉಗರಬಣ್ಣ ಹಚ್ಚೀರಿ. ಗಾಡಿ ಲಗ್ನ ಐತೇನ್ರಿ?”

ನಾನು ನಾಚಿಕೆಯಿಂದ ಕೆಂಪಾದೆ. ಕಾರಿಗಿಂತ ಚೆನ್ನಾಗಿ ಮ್ಯಾಚ್ ಆಗಿರಬೇಕು. ಆದರೂ ಟೀಚರ ಬುದ್ಧಿ ಬಿಡಲಿಲ್ಲ. ನೀವು ಮಾಡಿದ ಕೆಲಸ ತೋರಿಸಿ ಎಂದೆ. ಅವನು ಹೊರಗೆ ನಿಂತಿದ್ದ, ಪಕ್ಕದ ಉಗರಗೋಳ ಊರಿನ ಒಂದು ಬಿಳಿ ಜೀಪಿನತ್ತ ಬೊಟ್ಟು ಮಾಡಿದ. “ಅದಕ್ಕ ಮೂರು ಕಡೆ ಹಚ್ಚೇನಿ. ಹುಡುಕ್ರಿ, ಅಷ್ಟೊತ್ತಿಗೆ ನಾ ಚಾ ಕುಡೀತೇನಿ.” ಸುಡುವ ಬಿಸಿಲಿನಲ್ಲಿ ನಾಲ್ಕು ಸುತ್ತು ಹಾಕಿದೆ. ಒಂದೂ ಸಿಗಲಿಲ್ಲ.

“ಹಂಗಾದರ ನಂದೂ ಕಾಣದಂಗ ಮಾಡ್ರಿ.”

“ಮೂರು ಅಡಿ ದೂರ ನಿಂತರ ಕಾಣೂದಿಲ್ರಿ. ಆದ್ರ ಇವತ್ತ ಹಚ್ಚಿ ಇವತ್ತ ಪಾಲಿಶ್ ಮಾಡಾಕ ಬರೂದಿಲ್ಲ. ಬಣ್ಣ ಗಟ್ಟಿ ಆಗಾಕ ಎಂಟು ದಿನ ಬೇಕು. ಅಲ್ಲೀತನಾ ಸ್ವಲ್ಪ ಉಬ್ಬಿರತೈತಿ. ಭೂತಗನ್ನಡಿ ಹಿಡದಾಂವಗ ಸಿಗತೈತಿ.”

ಜಗತ್ತಿನಲ್ಲಿ ಕಾರಿಗೆ ಭೂತಗನ್ನಡಿ ಹಿಡಿಯುವ ಒಬ್ಬನೇ ಮನುಷ್ಯ ನನ್ನ ಮನೆಯಲ್ಲಿದ್ದ. ಆದರೆ ಆಗುವುದಿಲ್ಲ ಎನ್ನುವುದನ್ನು ಮೊದಲೇ ಹೇಳಿದ ಈ ಮನುಷ್ಯನ ಮೇಲೆ ನನಗೆ ವಿಶ್ವಾಸ ಹುಟ್ಟಿತು. ಹಚ್ಚಿ ಎಂದೆ.

ಅವನು ಥಿನ್ನರಿನಿಂದ ನನ್ನ ಮೂರ್ಖತನವನ್ನು ಒರೆಸಿದ. ಡ್ರೈವರ್ ಬಾಗಿಲಿನ ಒಳಗಿದ್ದ ಚೀಟಿಯಿಂದ ಬಣ್ಣದ ನಂಬರು ಓದಿದ. ಕಡ್ಡಿಯ ತುದಿಯಿಂದ ಪ್ರೈಮರಿನ ಒಂದು ಚುಕ್ಕೆ ಇಟ್ಟ. ಅದು ಒಣಗಲೆಂದು ಬಿಟ್ಟು ಸುಮ್ಮನೆ ಕಾರಿನ ಸುತ್ತ ಅಡ್ಡಾಡಿದ. ಎಡಗಡೆ ಹಿಂದಿನ ಬಾಗಿಲ ಹತ್ತಿರ ನಿಂತ. ಅಂಗೈಯಿಂದ ಒಮ್ಮೆ ಸವರಿ ಮುಗುಳ್ನಕ್ಕ. ಹೆಸರು ಬರೆಯದ ಪೇಪರಿನಲ್ಲಿ ನನ್ನ ವಿದ್ಯಾರ್ಥಿಯ ಅಕ್ಷರ ಗುರುತು ಸಿಕ್ಕಾಗ ನಾನೂ ಹೀಗೆಯೇ ನಗುತ್ತೇನೆ.

“ಯಾಕ್ರಿ?”

“ಏನಿಲ್ರಿ. ಈ ಬಾಗಲಾ ಒಮ್ಮಿ ಬಣ್ಣ ಹಚ್ಚಿಸ್ಕೊಂಡೈತಿ. ಒಂದ ವರ್ಷ ಆಗಿರಬೇಕು. ಕೈ ನಂದ.”

“ಯಾರು ತಂದಿದ್ದರು?”

ಅವನು ಹಣೆಯ ಚಷ್ಮಾ ಮೂಗಿಗಿಳಿಸಿ, ಮೂಗಿನದನ್ನು ಹಣೆಗೇರಿಸಿದ. “ಡಾಕ್ಟರು, ವಕೀಲರು, ಪೇಂಟರು. ಈ ಮೂರೂ ಮಂದಿ ಗಿರಾಕಿ ಹೆಸರು ಹೇಳಬಾರದ್ರಿ ಅಕ್ಕೋರ.”

ಹೇಳುವ ಅಗತ್ಯವೂ ಇರಲಿಲ್ಲ. ಒಂದು ವರ್ಷದ ಹಿಂದೆ ಈ ಕಾರಿನ ಕೀಲಿ ಇದ್ದದ್ದು ಒಬ್ಬರದೇ ಜೇಬಿನಲ್ಲಿ. ಅತ್ತೆಯವರಿಗೆ ಸವದತ್ತಿಯ ಪೇಂಟರು ಹೇಗೆ ಗೊತ್ತು ಎಂಬುದೂ ಅಲ್ಲಿಯೇ ಬಗೆಹರಿಯಿತು. ಮೊದಲು ನಗು ಬಂತು. ಪ್ರೈಮರಿನ ಮೇಲೆ ಬಣ್ಣದ ಚುಕ್ಕೆಯನ್ನೂ ಇಡಿಸಿಕೊಂಡು ಹೊರಟೆ. ದಾರಿಯಲ್ಲಿ ಬರುಬರುತ್ತ ಸಿಟ್ಟೂ ಬಂತು.

ರವಿವಾರ, ಮೂವತ್ತನೆಯ ದಿನ. ಇವರು ಗಂಧ ಹಚ್ಚಿಕೊಂಡು ಭೂತಗನ್ನಡಿ ಒರೆಸುತ್ತ ಅಂಗಳಕ್ಕೆ ಬಂದಾಗ, ಅಲ್ಲಿ ಖುರ್ಚಿಯ ಮೇಲೆ ಅತ್ತೆಯವರು, ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ನಾನು.

“ಇದೇನು ಹೊಸಾ ನಾಟಕ?”

“ಪಂಚರಿಲ್ಲದ ಪಂಚನಾಮೆ ಕೋರ್ಟಿನ್ಯಾಗ ನಿಲ್ಲತದೇನ್ರಿ? ಅತ್ಯಾ ಪಂಚರು. ನೀವು ನೋಡಕೋತ ಹೋಗ್ರಿ, ನಾ ಬರಕೋತೇನಿ.”

ಕಾಯಿದೆ ಎಂದರೆ ಇವರಿಗೆ ಹೋಳಿಗೆ ತಿಂದಷ್ಟು ಖುಷಿ. ಒಪ್ಪಿದರು. ಬಂಪರಿನಿಂದ ಶುರುವಾಯಿತು. ಭೂತಗನ್ನಡಿ ಬಾನೆಟ್ಟಿನ ಮೂತಿಗೆ ಬಂದು ನಿಂತಿತು. ಇವರ ಕಿವಿ ಕೆಂಪಾಯಿತು.

“ಸಿಕ್ಕಿತು! ಇಲ್ಲಿ ಉಬ್ಬೇದ. ಇದು ಕಂಪನಿ ಬಣ್ಣ ಅಲ್ಲ!”

ರಾತ್ರಿಯೆಲ್ಲ ನಾನು ನಾಲ್ಕು ಸುಳ್ಳು ತಯಾರು ಮಾಡಿಟ್ಟುಕೊಂಡಿದ್ದೆ. ಇವರ ಮುಖದ ಮೇಲಿನ ಆ ಸಂತೋಷ ಕಂಡು ಒಂದನ್ನೂ ಹೇಳಬೇಕೆನಿಸಲಿಲ್ಲ. “ಹೌದ್ರಿ. ಗುರುವಾರ ಕಬ್ಬಿನ ಟ್ರ್ಯಾಕ್ಟರಿನಿಂದ ಕಲ್ಲು ಹಾರಿ ಬಿತ್ತು” ಎಂದೆ.

“ಗೀರು ಅಂದರ ಗೀರು. ಕರಾರು ಅಂದರ ಕರಾರು. ಕೀಲಿ ತಾ ಇಲ್ಲೆ.” ಕೈ ಚಾಚಿದರು.

“ಕೊಡತೇನಿ. ಬರಿಯೂದು ಮುಗೀಲಿ.” ನಾನು ಒಂದೊಂದೇ ಅಕ್ಷರ ಓದುತ್ತ ಬರೆದೆ. “ದುರಸ್ತಿ ಮಾಡಿದವರು: ಪೀರಸಾಬ, ಪೇಂಟರ್, ಸವದತ್ತಿ.”

ಚಾಚಿದ ಕೈ ಹಾಗೆಯೇ ಉಳಿಯಿತು. ಬೆರಳುಗಳು ಮಾತ್ರ ಮೆಲ್ಲಗೆ ಮಡಚಿಕೊಂಡವು.

“ಯಾ... ಯಾವ ಪೀರಸಾಬ?”

“ಎರಡು ಚಷ್ಮಾ ಹಾಕ್ಕೋತಾನಲ್ಲ, ಅಂವ.”

“ಅಂವ ಏನರೆ ಅಂದನೇನು?”

“ಯಾವುದರ ಬಗ್ಗೆ?”

“ಬಾಗಲದ ಬಗ್ಗೆ.”

ಅಂದದ್ದು ಕಿವಿಗೆ ಬಿದ್ದ ಮೇಲೆ ಇವರು ಕಣ್ಣು ಮುಚ್ಚಿಕೊಂಡರು. ಇಪ್ಪತ್ತೆಂಟು ವರ್ಷ ಕೋರ್ಟಿನಲ್ಲಿ ಕುಳಿತು, ಸಾಕ್ಷಿದಾರರು ಹೀಗೆ ತಾವಾಗಿಯೇ ಹಳ್ಳಕ್ಕೆ ಬೀಳುವುದನ್ನು ದಿನಾ ಕಂಡವರು.

“ಯಾವ ಬಾಗಲಾರೀ?” ಎಂದು ನಾನು ಪೆನ್ನು ಎತ್ತಿದೆ.

“ಎಡಗಡಿ, ಹಿಂದಿಂದು. ಬರಕೋ ಗೌತಮಿ” ಎಂದರು ಅತ್ತೆಯವರು.

“ಅವ್ವಾ!”

“ಸೊಸಿಗೆ ಹೇಳಬ್ಯಾಡ ಅಂತ ಗುಡ್ಡದ ಮ್ಯಾಲ ಆಣಿ ಮಾಡಿಸಿದ್ದಿ. ನಾ ಹೇಳಿಲ್ಲಪಾ. ಅಂಗಡಿ ದಾರಿ ಅಷ್ಟ ಹೇಳೀನಿ. ಮಾತು ತಗದಾಂವ ನೀನ.”

ಇನ್ನು ಅವರನ್ನು ತಡೆಯುವವರು ಯಾರು? ಕಾರು ಬಂದ ದಿನ ನನಗೆ ಪರೀಕ್ಷೆಯ ಡ್ಯೂಟಿ ಇತ್ತು. ತಾಯಿ ಮಗ ಇಬ್ಬರೇ ಎಲ್ಲಮ್ಮನ ಗುಡ್ಡಕ್ಕೆ ಪೂಜೆಗೆ ಹೋಗಿದ್ದರು. ಗಾಡಿಗೆ ದೇವಿಯ ಭಂಡಾರದ ಅರಿಶಿನ ಹಚ್ಚಿದರು, ಮಾಲೆ ಹಾಕಿದರು, ಯಾವ ಅಪಘಾತವೂ ಆಗದಿರಲೆಂದು ನಾಲ್ಕೂ ಗಾಲಿಗೆ ಲಿಂಬೆಹಣ್ಣು ಇಟ್ಟರು. ಲಿಂಬೆಹಣ್ಣಿನ ಮೇಲೆ ಹಾಯಿಸಲು ಮಗರಾಯ ಸ್ಟೀರಿಂಗ್ ಎಡಕ್ಕೆ ತಿರುಗಿಸಿ ಗಾಡಿ ಬಿಟ್ಟ. ಮೂರು ಲಿಂಬೆಹಣ್ಣು ಒಡೆದವು. ನಾಲ್ಕನೆಯದು ಒಡೆಯುವ ಹೊತ್ತಿಗೆ ಹಿಂದಿನ ಬಾಗಿಲು ತೆಂಗಿನಕಾಯಿ ಒಡೆಯುವ ಕಲ್ಲಿಗೆ ಉಜ್ಜಿಕೊಂಡು ಹೋಗಿತ್ತು.

“ಪೂಜಾರಿ ಇನ್ನೂ ಕಾಯಿ ಕೈಯಾಗ ಹಿಡಕೊಂಡ ನಿಂತಿದ್ದ” ಎಂದು ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಕ್ಕು ನಕ್ಕು ನೀರು ಬಂದಿತ್ತು.

ನಾನೂ ನಕ್ಕೆ. ನಗು ಮುಗಿದ ಮೇಲೆ ಹೇಳಬೇಕಾದ್ದನ್ನು ಹೇಳಿದೆ. “ಗೀರು ಬಿದ್ದದ್ದಕ್ಕ ನನಗ ಸಿಟ್ಟಿಲ್ಲರಿ. ಮೊದಲನೇ ದಿನಾನ ಉಜ್ಜಿಕೊಂಡು ಬಂದು, ಹೆಂಗಸರ ಕೈ ಅಂತ ಹೇಳಿ ಹನ್ನೊಂದು ತಿಂಗಳು ನನ್ನ ಬಸ್ಸಿನ್ಯಾಗ ನಿಂದರಿಸಿದಿರಲ್ಲ, ಅದಕ್ಕ ಸಿಟ್ಟದ.”

ಇವರು ಭೂತಗನ್ನಡಿಯನ್ನು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು. “ನಿನಗ ಕೊಟ್ಟಿದ್ದರ ನೀ ಒಂದೂ ಗೀರಿಲ್ಲದ ಓಡಸ್ತಿದ್ದಿ, ಗೌತಮಿ. ಆಮ್ಯಾಲ ನಾ ಹೆಂಗ ಮಾರಿ ಎತ್ತಿ ಅಡ್ಡಾಡ್ಲಿ?”

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಇವರು ಆಡಿದ ಅಪ್ಪಟ ಸತ್ಯ ಇದೊಂದೇ ಎನಿಸಿತು. ನನ್ನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧವನ್ನು ಉಪಯೋಗಕ್ಕೆ ಬರುತ್ತದೆಂದು ಇಟ್ಟುಕೊಂಡೆ. ಪಂಚನಾಮೆಯಲ್ಲಿ ಎರಡೂ ಗೀರು ಬರೆದೆ, ನನ್ನದು ಜೋಳದ ಕಾಳಿನಷ್ಟು, ಇವರದು ಒಂದೂವರೆ ಮೊಳ. ಅತ್ತೆಯವರು ಸಹಿ ಹಾಕಿದರು, ನಾನು ಹಾಕಿದೆ, ಕೊನೆಗೆ ಶಿರಸ್ತೇದಾರರೂ ಹಾಕಿದರು. ಕೀಲಿಯನ್ನು ನಾನು ತಾಳಿಯ ಪಕ್ಕದ ಪಿನ್ನಿಗೆ ಸಿಕ್ಕಿಸಿಕೊಂಡೆ.

ಊಟಕ್ಕೆ ಕುಳಿತಾಗ ಇವರು ಅನ್ನ ಕಲಸುತ್ತ ತಟ್ಟೆಗೆ ಹೇಳುವಂತೆ ಹೇಳಿದರು: “ಬಿಸಲು ಭಾಳ ಆಗೇದ. ನಾಳೆ ನೀ ಸಾಲಿಗೆ ಹೋಗೂ ಮುಂದ ನನ್ನ ಕೋರ್ಟಿಗೆ ಬಿಡತಿಯೇನು?”

“ಬಿಡತೇನಿ” ಎಂದೆ. “ಆದರ ಹಿಂದ ಕೂಡ್ರಿ. ಎಡಗಡಿ ಬಾಗಲಾ ತಗದು.”