ಬಾಂಬ್ ದಡಿ

ಅಣುಬಾಂಬ್ ಪರೀಕ್ಷೆಯಾದ ವರ್ಷ, ಊರೆಲ್ಲ ಪೇಢೆ ಹಂಚಿದ ಸಂಭ್ರಮದಲ್ಲಿ, ರಬಕವಿಯ ನೇಕಾರ ಪರಸಪ್ಪ ಸೀರೆಯ ಅಂಚಿಗೊಂದು ಹೊಸ ದಡಿ ಕಟ್ಟಿದ್ದ: ನೆಲದಿಂದೇಳುವ ಕಂಬ, ಅದರ ತಲೆಯ ಮೇಲೆ ಜರಿಯ ಮೋಡ. ಜನ ಅದನ್ನು ಬಾಂಬ್ ದಡಿ ಎಂದರು. ಮಗ್ಗಕ್ಕೆ ವಿನ್ಯಾಸ ಹೇಳುವುದು ತೂತು ಹೊಡೆದ ರಟ್ಟುಗಳ ಸರ. ಓಣಿಯ ರೂಢಿಯಂತೆ ಪರಸಪ್ಪ ಕೇಳಿದವರಿಗೆಲ್ಲ ಅದರ ನಕಲು ಕೊಟ್ಟ. ಕಳೆದ ವರ್ಷ ಗಡಿಯಲ್ಲಿ ಗುಂಡು ಹಾರಿದ ಮೇಲೆ ಆ ದಡಿಗೆ ಮತ್ತೆ ಬೇಡಿಕೆ ಬಂದಿತ್ತು.

ಜಮಖಂಡಿಯಲ್ಲಿ ಟೀಚರ್ ಆಗಿರುವ ಮಗಳು ಸಂಧ್ಯಾ ಭಾನುವಾರ ಬಂದವಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಅಣುಬಾಂಬ್ ಬಿದ್ದ ಜಪಾನಿನ ಊರೊಂದರ ಹೆಂಗಸು. ಉಟ್ಟ ಬಟ್ಟೆಯಲ್ಲಿ ಕಪ್ಪು ಎಳೆ ಇದ್ದಲ್ಲೆಲ್ಲ ಬೆನ್ನು ಸುಟ್ಟು, ನೇಯ್ಗೆಯೇ ಚರ್ಮದ ಮೇಲೆ ಮೂಡಿತ್ತು.

"ಇದು ಯುದ್ಧದಾಗಿಂದು, ಅಪ್ಪಾ. ಬರೇ ಬಾಂಬ್ ಪರೀಕ್ಷಾ ಮಾಡಿದ ದ್ವೀಪದ ಮಂದಿ ಸುದ್ದಾ ಇನ್ನೂ ತಮ್ಮೂರಿಗೆ ಹೊಳ್ಳಿ ಹೋಗಿಲ್ಲ."

ಪರಸಪ್ಪನಿಗೆ ಇನ್ನು ಆ ದಡಿಯನ್ನು ಯಾರೂ ನೇಯಬಾರದು ಎನ್ನಿಸಿತು. ತನ್ನ ಮಗ್ಗ ನಿಲ್ಲಿಸಿ, ಅದೇ ದಡಿ ನೇಯುವ ಹಿಂದಿನ ಓಣಿಯ ನೀಲಕಂಠನಲ್ಲಿಗೆ ಹೋದ.

"ನಾ ಬಿಡ್ತೀನಿ, ಕಾಕಾ. ಆದ್ರ ಬನಹಟ್ಟಿ ದುರಗೇಶ ಮೊದಲ ಬಿಡ್ಲಿ. ಇಲ್ಲಾಂದ್ರ ನನ್ನ ಗಿರಾಕಿ ಎಲ್ಲಾ ಅವನ ಮನಿ ಮುಂದ ನಿಂದರ್ತಾವ."

ಬಿಸಿಲಲ್ಲಿ ಟಂಟಂ ಹತ್ತಿ ಬನಹಟ್ಟಿಗೆ ಹೋದರೆ ದುರಗೇಶ ನಕ್ಕ.

"ನೀಲ್ಯಾ ಹಂಗಂದ್ನೇನ್ರಿ? ಅವನ ರಟ್ಟು ತಂದು ನನ್ನ ಕಣ್ಮುಂದ ಸುಡ್ರಿ, ಆಮ್ಯಾಲ ನಂದೂ ಸುಡ್ತೀನಿ. ಅಂವ ಅಟ್ಟದ ಮ್ಯಾಲ ಇನ್ನೊಂದು ಸರ ಬಚ್ಚಿಟ್ಟಾನ, ಗೊತ್ತೈತೇನ್ರಿ?"

"ನೀ ಇಟ್ಟಿಲ್ಲೇನು?"

"ಅಂವ ಇಟ್ಟಾನಂತ ನಾನೂ ಇಟ್ಟೀನ್ರಿ."

ಮನೆಗೆ ಬಂದಾಗ ಮಗ ಯುವರಾಜ ಮಗ್ಗದ ಮುಂದೆ ಕಾಯುತ್ತಿದ್ದ.

"ಒಪ್ಪಿದ್ರೇನು?"

"ಇಲ್ಲ."

"ಮತ್ತ? ಅವ್ರು ನಿಲ್ಲಸಂಗಿಲ್ಲಂದ್ರ ನಾವಷ್ಟ ಯಾಕ ನಿಲ್ಲಸಬೇಕು?"

ಟಂಟಂನಲ್ಲಿ ದಾರಿಯುದ್ದಕ್ಕೂ ಪರಸಪ್ಪ ಇದನ್ನೇ ಕೇಳಿಕೊಂಡಿದ್ದ. ಮಗನದೇ ಸರಿಯೇನೋ ಎಂಬ ಅಳುಕೂ ಇತ್ತು. ಆದರೂ ರಟ್ಟಿನ ಸರವನ್ನು ಮಗ್ಗದಿಂದ ಇಳಿಸಿ, ನೆಲಕ್ಕೆ ಕೂತು, ಪೋಣಿಸಿದ ದಾರ ಕತ್ತರಿಸತೊಡಗಿದ. ಹಿಂದಿನ ಓಣಿಯಲ್ಲಿ ನೀಲಕಂಠನ ಮಗ್ಗ ಬಡಿಯುತ್ತಲೇ ಇತ್ತು.

ಯುವರಾಜ ತಡೆಯಲಿಲ್ಲ, ಕೈಯೂ ಹಚ್ಚಲಿಲ್ಲ. "ನಾಳೆ ಏನ ನೇಯೂಣು?" ಎಂದ.

"ಸಾದಾ ದಡಿ."

"ಅದನ್ನ ಯಾರ ಕೇಳ್ತಾರ?"

"ಯಾರೂ ಕೇಳಂಗಿಲ್ಲ," ಎಂದ ಪರಸಪ್ಪ.

ಕತ್ತರಿ ಮೊಂಡಾಗಿತ್ತು. ಒಂದೊಂದು ದಾರಕ್ಕೂ ಎರಡೆರಡು ಸಲ ಒತ್ತಬೇಕಾಯಿತು.