ಫಿಟ್ಟರ್ ಬರೆಯದ ವಿಮಾನ

ಇಷ್ಟು ಸಣ್ಣ ಸಂಗತಿಯನ್ನು ಕಥೆಯೆಂದು ಹೇಳುತ್ತಿರುವುದಕ್ಕೆ ಕ್ಷಮೆಯಿರಲಿ.

ಮುಂದೆ ಯಾವ ಹಳೆಯ ವಿಮಾನದ ಮಾಡೆಲ್ ಕಿಟ್ ಮಾರುಕಟ್ಟೆಗೆ ಬರುತ್ತದೆಂದು, ಪುಟ್ಟ ವಿಮಾನ ಜೋಡಿಸುವ ಹವ್ಯಾಸಿಗಳ ಸಂಘದವರು ವರ್ಷಕ್ಕೊಮ್ಮೆ ಚೀಟಿಯಲ್ಲಿ ಊಹೆ ಬರೆಯುತ್ತಿದ್ದರು. ಆ ಕಿಟ್‌ಗಳ ಬಿಡಿಭಾಗ ಎರಕ ಹೊಯ್ಯುವ ಅಚ್ಚುಗಳನ್ನು ಮಾಡುವ ಕಾರ್ಖಾನೆಯ ಫಿಟ್ಟರೊಬ್ಬ ಸಂಘದಲ್ಲಿದ್ದ; ಅವನು ಹನ್ನೊಂದು ವರ್ಷವೂ ನೀರಿನ ಮೇಲಿಳಿಯುವ ವಿಮಾನವನ್ನೇ ಬರೆದು ನಗೆಪಾಟಲಾಗಿದ್ದ. ಈ ಸಲ ಅದರ ಅಚ್ಚು ಅವನ ಕೈಗೇ ಪಾಲಿಶ್‌ಗೆ ಬಂತು. ಗುಟ್ಟು ಬಿಡುವುದಿಲ್ಲವೆಂದು ಮಾಲೀಕರಿಗೆ ಮಾತು ಕೊಟ್ಟಿದ್ದ ಅವನು, ತಿಳಿದದ್ದನ್ನು ಊಹೆಯೆನ್ನುವುದು ಮೋಸವೆಂದು ಚೀಟಿಯನ್ನು ಖಾಲಿ ಬಿಟ್ಟ.

“ಭಾವ ಬರೆದಿಲ್ಲ ಅಂದ್ರೆ ಅದೇ ಬರ್ತಿದೆ ಕಣ್ರೋ!” ಎಂದು ಸಂಘದಲ್ಲೇ ಇದ್ದ ಅವನ ಹೆಂಡತಿಯ ತಮ್ಮ ಖಾಲಿ ಚೀಟಿ ನೋಡಿ ಕೂಗಿದ. ಎಲ್ಲರೂ ತಮ್ಮ ಚೀಟಿಯಲ್ಲಿ ನೀರಿನ ವಿಮಾನವೆಂದು ತಿದ್ದಿದರು.

“ನಾನು ಬಾಯೇ ಬಿಟ್ಟಿಲ್ಲವಲ್ಲೋ, ದರಿದ್ರದವನೇ!” ಫಿಟ್ಟರ್ ಮೇಜು ಗುದ್ದಿದ.

“ಅದಕ್ಕೇ ಗೊತ್ತಾಗಿದ್ದು ಭಾವ. ಯಾವಾಗ್ಲಿನ ಹಾಗೆ ಅದನ್ನೇ ಬರೆದಿದ್ರೆ ಯಾರು ನಂಬ್ತಿದ್ರು?”

ಫಿಟ್ಟರ್ ಸಿಟ್ಟಿನಿಂದ ಎದ್ದು ಹೊರಟ. ಅವನು ಕೊಟ್ಟ ಮಾತು ಮುರಿಯಿತೋ ಉಳಿಯಿತೋ, ನನಗೆ ಗೊತ್ತಿಲ್ಲ.