ಎಡಕ್ಕೆ ತಿರುಗಿದ ಕಪ್ಪು

ಧಾರಾವಾಹಿಯ ಸಾಮಾನು ಕೋಣೆ ನೋಡಿಕೊಳ್ಳುವವನನ್ನು ಇಡೀ ಸ್ಟುಡಿಯೋ ಕಪಾಟು ಮಾವ ಎಂದೇ ಕರೆಯುತ್ತಿತ್ತು. ಯಾವ ಸೋಫಾಕ್ಕೆ ಯಾವ ದಿಂಬು, ಯಾವ ಮೇಜಿಗೆ ಯಾವ ಕಪ್ಪು ಎಂಬುದೆಲ್ಲ ಅವನದೇ ಕಾರುಬಾರು. ಕಪ್ಪಿನೊಳಗೆ ಇರುತ್ತಿದ್ದದ್ದು ಚಹಾ ಅಲ್ಲ, ಸುಟ್ಟ ಸಕ್ಕರೆಯ ನೀರು. ಅದನ್ನು ಚಪ್ಪರಿಸಿ ಕುಡಿದಂತೆ ನಟಿಸುವುದು ಸಂಬಳ ತೆಗೆದುಕೊಂಡವರ ಪಾಡು. ಅವನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳು ಹೋದ ಎರಡನೆಯ ವಾರವೇ ಅವನು ಕೆಲಸಕ್ಕೆ ಮರಳಿದ್ದ. ಮನೆಯಲ್ಲಿ ಕೂತು ಯಾರ ಮುಖ ನೋಡುವುದು?

ಒಂದು ಸೋಮವಾರ ನಿರ್ದೇಶಕರ ಸಹಾಯಕಿ ಫೋನು ಹಿಡಿದು ಬಂದಳು. ಅಭಿಮಾನಿಗಳು ಏನೋ ಪತ್ತೆಹಚ್ಚಿದ್ದಾರಂತೆ. ಎರಡು ವರ್ಷದಿಂದ ಮನೆಯ ದೃಶ್ಯವಿರಲಿ, ಆಸ್ಪತ್ರೆಯದಿರಲಿ, ಪೊಲೀಸ್ ಠಾಣೆಯದಿರಲಿ, ಒಂದು ಕಪ್ಪಿನ ಹಿಡಿ ಮಾತ್ರ ಕೂತವರ ಎಡಗೈ ಕಡೆಗೇ ತಿರುಗಿರುತ್ತದಂತೆ. ಆ ಕಪ್ಪಿನ ಮುಂದೆ ಕೂತವರು ನಿಜವಾಗಿ ಇಲ್ಲವೇ ಇಲ್ಲ, ಅವರೆಲ್ಲ ನಾಯಕಿಯ ಭ್ರಮೆ ಎಂಬುದು ಅವರ ಸಿದ್ಧಾಂತ. ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುವುದೆಂದರೆ ಇದೇ. ಆದರೂ ಮೂವತ್ತು ಸಾವಿರ ಜನ ಹೌದಪ್ಪ ಹೌದು ಎಂದು ತಲೆಯಾಡಿಸಿದ್ದರು.

ಮಾವ ತನ್ನ ಕೈಗಳನ್ನೇ ನೋಡಿಕೊಂಡ. ಅವನ ಹೆಂಡತಿ ಎಡಚಿ. ಮೂವತ್ತೊಂದು ವರ್ಷ ಬೆಳಗಿನ ಚಹಾ ಮಾಡಿ ಅವಳ ಮುಂದೆ ಇಟ್ಟವನು ಅವನೇ, ಹಿಡಿಯನ್ನು ಅವಳ ಎಡಗೈಗೆ ಸಿಗುವಂತೆ ತಿರುಗಿಸಿ. ಅವಳು ಹೋದ ಮೇಲೆ ಕೈ ತನ್ನ ಪಾಡಿಗೆ ತಾನು ಆ ಕೆಲಸವನ್ನು ಸ್ಟುಡಿಯೋದ ಮೇಜಿನ ಮೇಲೆ ಮುಂದುವರಿಸಿತ್ತು. ಅದು ಅವನ ಗಮನಕ್ಕೇ ಬಂದಿರಲಿಲ್ಲ.

ಬೈಸಿಕೊಳ್ಳಲು ತಯಾರಾಗಿಯೇ ಅವನು ನಿರ್ದೇಶಕರ ಕೋಣೆಗೆ ಹೋದ. ಅವರೋ ಹಿಗ್ಗಿ ಹೀರೇಕಾಯಿಯಾಗಿದ್ದರು.

"ಬರೆದ ನಮಗೇ ಹೊಳೆದಿರ್ಲಿಲ್ಲ ಮಾವ. ಕೊನೇ ಕಂತಲ್ಲಿ ಇದನ್ನೇ ಹೇಳಿಬಿಡೋಣ. ಎಡಗಡೆ ಹಿಡಿ ಅಂದ್ರೆ ಆ ಮನುಷ್ಯ ಯಾವತ್ತೂ ಇರ್ಲೇ ಇಲ್ಲ ಅಂತ. ಇನ್ಮೇಲೆ ನಾನು ಹೇಳಿದಾಗ ಮಾತ್ರ ಹಾಗಿಡಿ."

ಆಗಲಿ ಸಾರ್ ಎಂದು ಅವನು ಹೊರಗೆ ಬಂದ. ಅವಳು ಸತ್ತಳು ಎಂಬುದನ್ನು ಹೇಗೋ ನುಂಗಿಕೊಂಡಿದ್ದ. ಇರಲೇ ಇಲ್ಲ ಎಂಬುದು ಗಂಟಲಲ್ಲಿ ಇಳಿಯಲಿಲ್ಲ. ಅಂದಿನ ಚಿತ್ರೀಕರಣದಲ್ಲಿ ಅವನ ಕೈ ಹನ್ನೊಂದು ಸಲ ಎಡಕ್ಕೆ ತಿರುಗಿತು. ಹನ್ನೊಂದು ಸಲವೂ ಅವನು ಅದನ್ನು ಹಿಡಿದು ಬಲಕ್ಕೆ ತಿರುಗಿಸಿದ.

ಸಂಜೆ ಮನೆಗೆ ಬಂದವನು ಚಪ್ಪಲಿ ಬಿಚ್ಚಿ, ದೀಪ ಹಾಕಿ, ಸಹಾಯಕಿ ತೋರಿಸಿದ್ದ ಪುಟವನ್ನು ತನ್ನ ಫೋನಿನಲ್ಲಿ ತೆರೆದ. ಜನ ಬಣ್ಣಬಣ್ಣದ ಬಾಣ ಹಾಕಿ ಅವನ ಕಪ್ಪುಗಳನ್ನು ಗುರುತಿಸಿದ್ದರು. ಓದುತ್ತಾ ಓದುತ್ತಾ ತೀರಾ ಕೆಳಗೆ ಯಾರೋ ಹೆಂಗಸು ಬರೆದದ್ದು ಕಣ್ಣಿಗೆ ಬಿತ್ತು.

"ಸಾಮಾನು ಇಡೋರ ಮನೇಲಿ ಯಾರಾದ್ರೂ ಎಡಚರು ಇರಬಹುದಲ್ವಾ?"

ಅದರಡಿಯಲ್ಲಿ ಎಲ್ಲರೂ ಆಕೆಯನ್ನು ಗೇಲಿ ಮಾಡಿದ್ದರು. ಅಜ್ಜಿ, ನೀವು ಅಡುಗೆ ಕಾರ್ಯಕ್ರಮ ನೋಡಿಕೊಳ್ಳಿ ಎಂದು ಒಬ್ಬ ಬುದ್ಧಿ ಹೇಳಿದ್ದ. ಮಾವ ಕನ್ನಡಕ ಸರಿಪಡಿಸಿಕೊಂಡು, ಒಂದೇ ಬೆರಳಲ್ಲಿ, ತಪ್ಪಿದ್ದನ್ನು ಅಳಿಸಿ ಅಳಿಸಿ ಬರೆದ: "ಇದ್ದಳು. ನನ್ನ ಹೆಂಡತಿ."

ಕಣ್ಣು ಮಿಟುಕಿಸುವಷ್ಟರಲ್ಲಿ ಜನ ಮುಗಿಬಿದ್ದರು. ಇದು ಚಾನೆಲ್ಲಿನವರೇ ಬಿಟ್ಟ ಸುಳ್ಳು ಖಾತೆ ಎಂದ ಒಬ್ಬ. ನಾಯಕಿಯ ಅಪ್ಪನಿಗೆ ಗುಟ್ಟಿನ ಹೆಂಡತಿ ಇದ್ದಾಳೆಂಬ ಸುಳಿವು ಇದು ಎಂದ ಇನ್ನೊಬ್ಬ. ಇದ್ದವಳನ್ನು ಇದ್ದಳು ಎಂದರೂ ನಂಬುವವರಿಲ್ಲ. ಸಾಕು ಈ ಸಹವಾಸ ಎಂದುಕೊಂಡು ಅವನು ಫೋನು ಕೆಳಗಿಡುವಷ್ಟರಲ್ಲಿ ಆ ಹೆಂಗಸು ಮತ್ತೆ ಬರೆದಳು.

"ಚಹಾಕ್ಕೆ ಸಕ್ಕರೆ ಎಷ್ಟು ಹಾಕ್ಕೋತಿದ್ರು?"

ಎರಡು ವರ್ಷದಲ್ಲಿ ಕಂಡವರೆಲ್ಲ ಅವನನ್ನು ಕೇಳಿದ್ದು ಏನಾಗಿತ್ತು, ಯಾವ ಆಸ್ಪತ್ರೆ, ವಯಸ್ಸೆಷ್ಟು ಎಂದೇ. ಕನ್ನಡಕ ಮಂಜಾಯಿತು. ಅಂಗಿಯ ತುದಿಯಲ್ಲಿ ಒರೆಸಿಕೊಂಡು ಮತ್ತೆ ಹಾಕಿಕೊಂಡ.

"ಒಂದೂವರೆ ಚಮಚ," ಎಂದು ಬರೆದ. "ಕೇಳಿದರೆ ಒಂದೇ ಅನ್ನುತ್ತಿದ್ದಳು."